ಕ್ಷಯಕ್ಕೆ ವಂಶದ ಸಾಕ್ಷಿ ಎಷ್ಟು ಗಟ್ಟಿ?

ಒಂದೇ ಮನೆಯಲ್ಲಿ ಇಬ್ಬರಿಗೆ ಟಿಬಿ ಬಂದರೆ ಸಾಕು, ಚಿತ್ರದುರ್ಗ ಜಿಲ್ಲೆಯ ತುರುವನೂರಿನಂಥ ಊರಲ್ಲಿ ‘ಅದು ಅವರ ವಂಶದಲ್ಲೇ ಇದೆ’ ಎಂಬ ಮಾತು ಹುಟ್ಟುತ್ತದೆ. ಆ ಮನೆಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆ. ರೋಗಾಣುವನ್ನು ವಿಜ್ಞಾನಿ ಕಾಖ್ 1882ರಲ್ಲೇ ತೋರಿಸಿದರೂ ಈ ಮಾತು ಸತ್ತಿಲ್ಲ. ಪೂರ್ತಿ ಸಾಯಬೇಕಾದ ಮಾತೂ ಅಲ್ಲ. ಸೋಂಕು ತಗುಲಿದ ನೂರು ಜನರಲ್ಲಿ ಜೀವಮಾನದಲ್ಲಿ ಹಾಸಿಗೆ ಹಿಡಿಯುವವರು ಐದರಿಂದ ಹತ್ತು ಮಂದಿ ಮಾತ್ರ. ಉಳಿದವರನ್ನು ಕಾದದ್ದು ಯಾವುದು?

ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ನಡೆಸಿದ ಸಮೀಕ್ಷೆ ಈ ಪ್ರಶ್ನೆಯನ್ನು ಇನ್ನಷ್ಟು ಚೂಪು ಮಾಡುತ್ತದೆ. ಐದು ವರ್ಷದಲ್ಲಿ ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಜನ ಸತ್ತರು, ಮೂರನೇ ಒಂದು ಪಾಲು ಗುಣವಾದರು. ಅಲ್ಲಿ ವ್ಯವಸ್ಥಿತ ಚಿಕಿತ್ಸೆ ಇರಲಿಲ್ಲ (ಇಂದು ಓದುವಾಗ ಇದು ಚುಚ್ಚುತ್ತದೆ).

ಈ ವ್ಯತ್ಯಾಸಕ್ಕೆ ಜೀನ್ ಕಾರಣ ಎಂದವರ ಮುಖ್ಯ ಸಾಕ್ಷಿ ಅವಳಿಗಳದು. ಬ್ರಿಟನ್ನಿನ ಪ್ರಾಫಿಟ್ ಸಮೀಕ್ಷೆಯನ್ನು ಸಂಶೋಧಕ ಕಾಮ್‌ಸ್ಟಾಕ್ 1978ರಲ್ಲಿ ಮತ್ತೆ ಲೆಕ್ಕ ಹಾಕಿದಾಗ, ಜೋಡಿಯಲ್ಲಿ ಇಬ್ಬರಿಗೂ ಕ್ಷಯ ಬಂದದ್ದು ತದ್ರೂಪಿ ಅವಳಿಗಳಲ್ಲಿ ನೂರಕ್ಕೆ ಸುಮಾರು 31, ಉಳಿದ ಅವಳಿಗಳಲ್ಲಿ 15. ಅಂತರ ದೊಡ್ಡದೇ. ಆದರೆ ತದ್ರೂಪಿಗಳು ಒಟ್ಟಿಗೇ ಮಲಗಿ, ಒಟ್ಟಿಗೇ ಕೆಮ್ಮುವವರೂ ಹೌದು. 2007ರ ಮರುವಿಶ್ಲೇಷಣೆ ಅದೇ ಅಂಕಿಗಳನ್ನಿಟ್ಟುಕೊಂಡು ಪರಿಸರದ ಪಾಲೇ ಮಿಗಿಲೆಂದಿತು. ನನಗೆ ಅದೇ ಹೆಚ್ಚು ನಂಬಲರ್ಹ. ಟಿವೈಕೆ2 ಜೀನಿನ ಒಂದು ರೂಪಾಂತರ ತಂದೆತಾಯಿ ಇಬ್ಬರಿಂದಲೂ ಬಂದರೆ ಕ್ಷಯದ ಅಪಾಯ ನಿಜಕ್ಕೂ ಏರುತ್ತದೆ. ಆದರೆ ಹಾಗಿರುವವರು ಯುರೋಪಿಯನ್ನರಲ್ಲೇ ಸುಮಾರು 600ಕ್ಕೆ ಒಬ್ಬರು. ಇಷ್ಟು ವಿರಳವಾದದ್ದು ಒಂದು ಊರಿನ ಕ್ಷಯವನ್ನು ವಿವರಿಸಲಾರದು.

ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ ಮಾಡಿದ ಪ್ರಯೋಗ (2023ರಲ್ಲಿ ಪ್ರಕಟ) ವಂಶದ ವಾದಕ್ಕೆ ಬೇರೆ ಕಡೆಯಿಂದ ಪೆಟ್ಟು ಕೊಟ್ಟಿತು. ರೋಗಿಯ ಮನೆಯವರಿಗೆ ತಿಂಗಳಿಗೆ ತಲಾ ಐದು ಕೇಜಿ ಅಕ್ಕಿ, ಒಂದೂವರೆ ಕೇಜಿ ಬೇಳೆ, ಜೊತೆಗೆ ಪೋಷಕಾಂಶದ ಮಾತ್ರೆ. ಅವರಲ್ಲಿ ಹೊಸದಾಗಿ ಕ್ಷಯಕ್ಕೆ ತುತ್ತಾದವರು ಶೇ. 39ರಷ್ಟು ಕಡಿಮೆಯಾದರು. ಯಾರ ಜೀನೂ ಬದಲಾಗಿರಲಿಲ್ಲ. ಜೀನಿಗೆ ಪಾಲೇ ಇಲ್ಲವೆಂದು ಇದು ಸಾಧಿಸಿಲ್ಲ, ನಿಜ. ಆದರೆ ‘ವಂಶ’ ಅಂದುಕೊಂಡದ್ದರಲ್ಲಿ ಒಂದೇ ಒಲೆಯ ಬಡತನ ಎಷ್ಟಿತ್ತೆಂದು ತೋರಿಸಿತು. ಹೊಳಲ್ಕೆರೆ, ಹೊಸದುರ್ಗದ ಗಣಿ ಸಾಲಿನಲ್ಲಿ ಇದಕ್ಕೆ ಧೂಳನ್ನೂ ಸೇರಿಸಬೇಕು. ಸಿಲಿಕೋಸಿಸ್ ಹಿಡಿದ ಶ್ವಾಸಕೋಶದಲ್ಲಿ ಕ್ಷಯ ಸುಲಭವಾಗಿ ನೆಲೆಯೂರುತ್ತದೆ.

ಜೀನ್ ವಿಜ್ಞಾನ ನಿಜವಾಗಿ ಕೈಗೆ ಬರುವ ಜಾಗ ಬೇರೆ: ಔಷಧ. ಐಸೋನಿಯಾಜಿಡ್ ಮಾತ್ರೆಯನ್ನು ನಿಧಾನವಾಗಿ ಕರಗಿಸುವ ಎನ್‌ಎಟಿ2 ಜೀನ್ ರೂಪಗಳು ನಮ್ಮಲ್ಲಿ ಸಾಮಾನ್ಯ, ಅಂಥವರ ಯಕೃತ್ತಿಗೆ ಅಪಾಯ ಹೆಚ್ಚು. ಸರ್ಕಾರಿ ಕಾರ್ಯಕ್ರಮದಲ್ಲಿ ಮಾತ್ರೆಯ ಲೆಕ್ಕ ಈಗಲೂ ರೋಗಿಯ ತೂಕ ನೋಡಿಯೇ.