‘ನಂತರ’ ಎಂಬ ಮಾತು ಯಾರಿಗೆ?

ಸಮಾಜವಾದೋತ್ತರ ದೇಶಗಳಲ್ಲಿ ನೌಕರರನ್ನು ನಿರ್ವಹಿಸುವ ಬಗೆ ಕುರಿತ ಬರಹಗಳು ಬಹುಪಾಲು ಒಂದೇ ಕಥೆಯಿಂದ ಶುರುವಾಗುತ್ತವೆ. ಹಿಂದೆ ಸರ್ಕಾರವೇ ಮಾಲೀಕ. ದುಡಿಮೆ ಕಡಿಮೆ, ಭದ್ರತೆ ಹೆಚ್ಚು. ಮಾರುಕಟ್ಟೆ ಬಂತು, ಶಿಸ್ತು ತಂದಿತು. ಈ ಕಥೆಗೆ ಗಟ್ಟಿ ತಳಪಾಯ ಒದಗಿಸಿದವರು ಹಂಗೆರಿಯ ಅರ್ಥಶಾಸ್ತ್ರಜ್ಞ ಯಾನೋಶ್ ಕೊರ್ನೈ. ಅವರ ‘ಎಕನಾಮಿಕ್ಸ್ ಆಫ್ ಶಾರ್ಟೇಜ್’ ಬಂದದ್ದು 1980ರಲ್ಲಿ. ನಷ್ಟವಾದರೂ ಸರ್ಕಾರ ಕೈಬಿಡದು ಎಂಬ ನಂಬಿಕೆಯಿದ್ದರೆ ಕಾರ್ಖಾನೆ ಖರ್ಚಿಗೆ ಅಂಜುವುದಿಲ್ಲ ಎಂಬುದು ಅವರ ಮುಖ್ಯ ಒಳನೋಟ. ಸರ್ಕಾರ ತಂದೆ, ಕಾರ್ಖಾನೆ ಮಗು.

ಸೇಡಂನಲ್ಲಿ ಕೂತು ಓದಿದರೆ ಇದು ಮೊದಲಿಗೆ ಸರಿಯೆನಿಸುತ್ತದೆ. ಕೇಂದ್ರ ಸರ್ಕಾರ 1965ರಲ್ಲಿ ಸ್ಥಾಪಿಸಿದ ಸಿಮೆಂಟ್ ಕಾರ್ಪೊರೇಷನ್ನಿನ ಒಂದು ಕಾರ್ಖಾನೆ ಈ ತಾಲ್ಲೂಕಿನ ಕುರಕುಂಟಾದಲ್ಲಿತ್ತು. ಸಿಮೆಂಟಿನ ಬೆಲೆ ನಿಯಂತ್ರಣ 1982ರಲ್ಲಿ ಭಾಗಶಃ, 1989ರಲ್ಲಿ ಪೂರ್ತಿ ಹೋಯಿತು. ಅದೇ ದಶಕದಲ್ಲಿ ಮಳಖೇಡದಲ್ಲೂ ಸೇಡಂನಲ್ಲೂ ಖಾಸಗಿ ಕಾರ್ಖಾನೆಗಳು ಎದ್ದವು. 1998ರಲ್ಲಿ ಕುರಕುಂಟಾದಲ್ಲಿ ಉತ್ಪಾದನೆ ನಿಂತಿತು. ತಂದೆ ಕೈಬಿಟ್ಟ ಎಂದು ಕಥೆ ಮುಗಿಸಬಹುದು.

ಆದರೆ ವಾಡಿಗೆ ಹೋದರೆ ಲೆಕ್ಕ ತಪ್ಪುತ್ತದೆ. ಎಸಿಸಿ 1936ರಲ್ಲಿ ಹಲವು ಕಂಪನಿಗಳು ಕೂಡಿ ಆದ ಖಾಸಗಿ ಸಂಸ್ಥೆ. ವಾಡಿಯಲ್ಲಿ ಅದೂ ಕಾಲೊನಿ ಕಟ್ಟಿತು, ಶಾಲೆ, ಆಸ್ಪತ್ರೆ ಮಾಡಿತು. ಕೇಂದ್ರ ಸರ್ಕಾರ 1958ರಲ್ಲಿ ನೇಮಿಸಿದ ಸಿಮೆಂಟ್ ವೇತನ ಮಂಡಳಿಯ ವ್ಯಾಪ್ತಿಯೂ ಒಂದು ಕಂಪನಿಯದಲ್ಲ, ಇಡೀ ಉದ್ಯಮದ್ದು. ಹಾಗಾದರೆ ಪೋಷಣೆ ಸಮಾಜವಾದದ ದಾನವಲ್ಲ. ಕಾನೂನು, ಸಂಘ, ಕಂಪನಿಗಳ ನಡುವಿನ ಜಗ್ಗಾಟದಲ್ಲಿ ದಕ್ಕಿದ್ದು.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಕೊರ್ನೈ ಕಂಡ ಕೆಲಸಗಾರನಿಗೆ ಬಲವಿತ್ತು, ಏಕೆಂದರೆ ಅಲ್ಲಿ ದುಡಿಯುವ ಕೈಗಳಿಗೇ ಕೊರತೆ. ನಮ್ಮಲ್ಲಿ ಕೊರತೆ ಕೆಲಸದ್ದು. ಚಿತ್ತಾಪುರ, ಚಿಂಚೋಳಿಯ ಹಳ್ಳಿಗಳಿಂದ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುವವರು ಇರುವಾಗ ಗೇಟಿನ ಹೊರಗೆ ಜನ ಕಾದೇ ಇರುತ್ತಾರೆ. ಅವರನ್ನು ಠೇಕೇದಾರ ಒಳಗೆ ತರುತ್ತಾನೆ. ಗುತ್ತಿಗೆ ಕಾರ್ಮಿಕ ಕಾಯ್ದೆ ಬಂದದ್ದು 1970ರಲ್ಲಿ. ಆದರೆ ಗುತ್ತಿಗೆ ನಿಷೇಧವಾದ ಮಾತ್ರಕ್ಕೆ ಕಾರ್ಮಿಕ ತಾನಾಗಿ ಕಾಯಂ ಆಗುವುದಿಲ್ಲ ಎಂದು 2001ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ನನ್ನ ಸಂಶೋಧನೆಗಾಗಿ ಈ ಊರುಗಳಲ್ಲಿ ತಿರುಗುವಾಗ ಪದೇಪದೇ ಕಿವಿಗೆ ಬಿದ್ದ ಪ್ರಶ್ನೆ ಒಂದೇ. ಹುಡುಗ ‘ಕಂಪನ್ಯಾಗ’ ಕೆಲಸಕ್ಕಿದ್ದಾನೆ ಎಂದರೆ ಸಾಲದು. ‘ಪರ್ಮನೆಂಟ್ ಹಾನೇನು, ಠೇಕೇದಾರನ ಕೈಯಾಗ ಹಾನೇನು?’ ಹೆಣ್ಣು ಕೊಡುವವರೂ ಇದನ್ನೇ ಕೇಳುತ್ತಾರೆ. ನಿರ್ವಹಣಾಶಾಸ್ತ್ರ ಸರ್ಕಾರಿ, ಖಾಸಗಿ ಎಂದು ಗೆರೆ ಎಳೆಯುತ್ತದೆ. ಜನ ಎಳೆಯುವ ಗೆರೆ ಒಂದೇ ಗೇಟಿನೊಳಗೆ ಹಾದುಹೋಗುತ್ತದೆ. ಎಸಿಸಿ 2022ರಲ್ಲಿ ಹೋಲ್ಸಿಮ್‌ನಿಂದ ಅದಾನಿ ಗುಂಪಿಗೆ ಹೋಯಿತು. ಮಾಲೀಕ ಬದಲಾದನೆಂದು ಆ ಗೆರೆ ಅಳಿಯುವುದಿಲ್ಲ.

ಇದು ಕೊರ್ನೈ ಅವರ ತಪ್ಪಲ್ಲ. ಅವರು ತಮ್ಮ ದೇಶವನ್ನು ನೋಡಿ ಬರೆದರು. ತಪ್ಪು, ನೋಡದೆ ಎರವಲು ತರುವ ನಮ್ಮದು. ಶಹಾಬಾದಿನ ಫರಸಿ ಖಣಿಯಲ್ಲಿ ಕಲ್ಲು ಎಬ್ಬಿಸುವವರಿಗೆ ಕಾಲೊನಿಯೂ ಇರಲಿಲ್ಲ, ವೇತನ ಮಂಡಳಿಯೂ ಮುಟ್ಟಲಿಲ್ಲ. ಅವರು ಎಬ್ಬಿಸಿದ ಕಲ್ಲು ನಮ್ಮ ಮನೆ, ಶಾಲೆ, ಕಚೇರಿಗಳ ನೆಲವಾಗಿದೆ. ‘ಮೊದಲು’ ಎಂಬುದೇ ಬಾರದವರ ಬದುಕಿಗೆ ‘ನಂತರ’ ಎಂದು ಹೆಸರಿಡುವ ಮುನ್ನ ಆ ನೆಲವನ್ನೊಮ್ಮೆ ನೋಡಬೇಕು.