ಸಹಿಷ್ಣುತೆಯಿಲ್ಲದ ಅಲ್ಪವಿರಾಮ: ಇಂಗ್ಲಿಷ್ ಲೇಖನಚಿಹ್ನೆಗಳ ನಿಯಮನಿಷ್ಠೆಯನ್ನು ಕುರಿತು

ಇಂಗ್ಲಿಷ್ ಲೇಖನಚಿಹ್ನೆಗಳನ್ನು ಕುರಿತ ಜನಪ್ರಿಯ ಕೃತಿಗಳಲ್ಲಿ ಲಿನ್ ಟ್ರಸ್ ಅವರ 'ಈಟ್ಸ್, ಶೂಟ್ಸ್ ಅಂಡ್ ಲೀವ್ಸ್' (2003) ಹೆಸರಾದುದು. ತಪ್ಪನ್ನು ಕಿಂಚಿತ್ತೂ ಸಹಿಸಲಾಗದೆಂಬ ಘೋಷಣೆ ಅದರ ಉಪಶೀರ್ಷಿಕೆಯಲ್ಲಿಯೇ ಇದೆ. ಆದರೆ ಕೃತಿಯ ಅರ್ಪಣೆಯ ವಾಕ್ಯದಲ್ಲಿಯೇ ಅನಿರ್ಬಂಧಕ ಉಪವಾಕ್ಯಕ್ಕೆ ಮೊದಲು ಬರಬೇಕಾದ ಅಲ್ಪವಿರಾಮ ಬಿಟ್ಟುಹೋಗಿದೆಯೆಂದು ಲೂಯಿ ಮೆನಾಂಡ್ 2004ರಲ್ಲಿ 'ದ ನ್ಯೂಯಾರ್ಕರ್' ಪತ್ರಿಕೆಯಲ್ಲಿ ತೋರಿಸಿದರು. ಈ ಲೋಪವನ್ನು ಅಜಾಗರೂಕತೆಯೆಂದು ಕರೆದು ಮುಂದೆ ಸಾಗುವುದು ಸುಲಭ. ಅದು ಯಾವ ಬಗೆಯ ಲೋಪವೆಂದು ಕೇಳುವುದು ಭಾಷಾವಿಜ್ಞಾನದ ಕೆಲಸ.

ಆ ಪ್ರಶ್ನೆಗೆ ಬೇಕಾದ ಸಲಕರಣೆಯನ್ನು ಜೆಫ್ರಿ ನನ್‌ಬರ್ಗ್ 1990ರಷ್ಟು ಹಿಂದೆಯೇ 'ದ ಲಿಂಗ್ವಿಸ್ಟಿಕ್ಸ್ ಆಫ್ ಪಂಕ್ಚುಯೇಶನ್' ಗ್ರಂಥದಲ್ಲಿ ಒದಗಿಸಿದ್ದರು. ಅವರ ಮತದಲ್ಲಿ ಚಿಹ್ನೆಗಳು ಮಾತಿನ ಏರಿಳಿತದ ನೆರಳಲ್ಲ. ಬರೆಹಕ್ಕೆ ತನ್ನದೇ ಆದ ಉಪವ್ಯವಸ್ಥೆ. ಪಟ್ಟಿಯ ಘಟಕಗಳನ್ನು ಬೇರ್ಪಡಿಸುವ ಅಲ್ಪವಿರಾಮ ಒಂದು, ಪದಪುಂಜದ ಎರಡೂ ಅಂಚನ್ನು ಗುರುತಿಸುವ ಅಲ್ಪವಿರಾಮ ಇನ್ನೊಂದು. ಎರಡನೆಯದರ ಜೊತೆಗಾರ ಚಿಹ್ನೆ ಪೂರ್ಣವಿರಾಮದ ಪಕ್ಕದಲ್ಲಿ ಬಂದಾಗ ಅದರಲ್ಲಿ ಲೀನವಾಗುತ್ತದೆ. ಟ್ರಸ್ ಬಳಕೆಗಳನ್ನು ಲವಲವಿಕೆಯಿಂದ ಪಟ್ಟಿ ಮಾಡುತ್ತಾರೆ (ಅವರ ಹಾಸ್ಯವನ್ನು ನಾವೂ ಮೆಚ್ಚುತ್ತೇವೆ), ಆದರೆ ವ್ಯವಸ್ಥೆಯನ್ನು ವಿವರಿಸುವುದಿಲ್ಲ.

ನಿಯಮಪಾಲನೆಯೊಂದೇ ಸಾಲದೆಂಬುದಕ್ಕೆ ಅಮೆರಿಕದ ಮೇನ್ ರಾಜ್ಯದ ಓಕ್‌ಹರ್ಸ್ಟ್ ಡೈರಿ ಮೊಕದ್ದಮೆ ಸಾಕ್ಷಿ. ಹೆಚ್ಚುವರಿ ದುಡಿಮೆಯ ವೇತನದಿಂದ ಹೊರಗಿಟ್ಟ ಕೆಲಸಗಳ ಪಟ್ಟಿಯ ಕೊನೆಯಲ್ಲಿ 'ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಶನ್' ಎಂದಿತ್ತು. 'ಆರ್' ಪದಕ್ಕೆ ಮೊದಲು ಅಲ್ಪವಿರಾಮವಿರಲಿಲ್ಲ. ವಿತರಣೆ ಸ್ವತಂತ್ರ ಕೆಲಸವೋ, ಪ್ಯಾಕ್ ಮಾಡುವುದರ ಉದ್ದೇಶವೋ? ಆ ರಾಜ್ಯದ ಶಾಸನರಚನಾ ಕೈಪಿಡಿಯೇ ಅಂತಹ ಅಲ್ಪವಿರಾಮ ಬೇಡವೆನ್ನುತ್ತದೆ. ಎಂದರೆ ಕರಡು 'ಸರಿ'ಯಾಗಿಯೇ ಇತ್ತು. ಪಟ್ಟಿಯ ಉಳಿದ ಕೆಲಸಗಳೆಲ್ಲ '-ಇಂಗ್' ರೂಪದಲ್ಲಿದ್ದು 'ಡಿಸ್ಟ್ರಿಬ್ಯೂಶನ್' ಮಾತ್ರ ಹಾಗಿರಲಿಲ್ಲವೆಂಬ ರೂಪವೈಜ್ಞಾನಿಕ ವಾದವೂ ಕೇಳಿಬಂತು. 2017ರಲ್ಲಿ ಮೇಲ್ಮನವಿ ನ್ಯಾಯಾಲಯವು ಪಾಠ ಸಂದಿಗ್ಧವೆಂದು ಹೇಳಿ, ಹಾಲು ಸಾಗಿಸುವ ಚಾಲಕರ ಪರವಾಗಿ ಅರ್ಥೈಸಿತು. 2018ರಲ್ಲಿ 50 ಲಕ್ಷ ಡಾಲರಿಗೆ ರಾಜಿಯಾಯಿತು. ತಿದ್ದಿದ ಶಾಸನದಲ್ಲಿ ಅರ್ಧವಿರಾಮಗಳು ಬಂದವು, 'ಡಿಸ್ಟ್ರಿಬ್ಯೂಟಿಂಗ್' ಎಂಬ ರೂಪವೂ ಬಂತು.

ಕನ್ನಡದಲ್ಲಿ ಈ ಸಂದಿಗ್ಧತೆ ಹುಟ್ಟುವುದೇ ಕಷ್ಟ: 'ಸಾಗಣೆಗಾಗಿ ಅಥವಾ ವಿತರಣೆಗಾಗಿ ಪ್ಯಾಕ್ ಮಾಡುವುದು', 'ಸಾಗಣೆಗಾಗಿ ಪ್ಯಾಕ್ ಮಾಡುವುದು ಅಥವಾ ವಿತರಿಸುವುದು' ಎಂದು ಪ್ರತ್ಯಯವೂ ಪದಕ್ರಮವೂ ನಿರ್ಣಯಿಸಿಬಿಡುತ್ತವೆ. ಸಂಬಂಧವಾಚಕ ಉಪವಾಕ್ಯದಲ್ಲಿ ಸ್ಥಿತಿ ತಿರುಗುಮುರುಗು. 'ದ್ವಿಭಾಷಿಕರಾಗಿದ್ದ ಮಾಹಿತಿದಾರರನ್ನು ಕೈಬಿಡಲಾಯಿತು' ಎಂದಾಗ ಎಲ್ಲರೂ ದ್ವಿಭಾಷಿಕರೋ, ಕೆಲವರೋ ಎಂಬುದನ್ನು ನಮ್ಮ ಕೃದಂತ ಸಂದರ್ಭಕ್ಕೆ ಬಿಡುತ್ತದೆ. ಇಂಗ್ಲಿಷ್ ಬರೆಹ ಅದನ್ನು ಒಂದು ಜೋಡಿ ಅಲ್ಪವಿರಾಮದ ಮೇಲೆ ಹೊರಿಸುತ್ತದೆ. ಅದು ತಪ್ಪಿದರೆ ಪ್ರಬಂಧದ ದತ್ತಾಂಶದ ವ್ಯಾಪ್ತಿಯೇ ಬದಲಾಗುತ್ತದೆ. ನಮ್ಮ ಸಂಶೋಧನ ವಿದ್ಯಾರ್ಥಿಗಳ ಕರಡುಗಳಲ್ಲಿ ನಾವು ಪದೇಪದೇ ಕಾಣುವ ಲೋಪವಿದು. ಇಂತಹ ಕಡೆ ಅಂಚಿನಲ್ಲಿ 'ಅಜಾಗರೂಕತೆ' ಎಂದು ಗೀಚುವ ಪರೀಕ್ಷಕರು, ಮಾಹಿತಿದಾರರಲ್ಲಿ ಎಷ್ಟು ಮಂದಿಯನ್ನು ಕೈಬಿಟ್ಟಿರಿ ಎಂದು ಕೇಳುವುದು ಒಳಿತು.