ಎಂಬತ್ತು ಹೆಣ್ಣು, ಇಪ್ಪತ್ತು ಗಂಡು: ಇದು ಸಮಾನತೆಯೇ?

ಮಹಿಳಾ ಮೀಸಲಾತಿ ಎಂದ ಕೂಡಲೇ ನಾವೆಲ್ಲ ಕೇಳೋದು "ಎಷ್ಟು ಪರ್ಸೆಂಟ್?" ಅಂತ. "ಯಾವ ಹುದ್ದೆಗೆ?" ಅಂತ ಕೇಳುವವರು ಕಡಿಮೆ. ನಾಗಪುರದ ಮಿಹಾನ್ ನೋಡಿದರೆ ಈ ಎರಡನೇ ಪ್ರಶ್ನೆಯ ತೂಕ ತಿಳಿಯುತ್ತದೆ. ವಿಮಾನ ನಿಲ್ದಾಣದ ಪಕ್ಕ, ಸರಕು ಸಾಗಣೆಗೂ ಕಂಪನಿಗಳಿಗೂ ಎಂದು ಬೆಳೆಸಿದ ಪ್ರದೇಶ ಅದು. ಏಮ್ಸ್ ಆಸ್ಪತ್ರೆಯೂ ಐಐಎಂ ಕ್ಯಾಂಪಸ್ಸೂ ಅಲ್ಲೇ ಇವೆ.

ಏಮ್ಸ್ ಸಂಸ್ಥೆಗಳ ನರ್ಸಿಂಗ್ ಆಫೀಸರ್ ನೇಮಕಾತಿಯಲ್ಲಿ ನೂರಕ್ಕೆ 80 ಹುದ್ದೆ ಹೆಂಗಸರಿಗೆ, 20 ಗಂಡಸರಿಗೆ. ಇಡೀ ದೇಶಕ್ಕೆ ನಾರ್ಸೆಟ್ ಎಂಬ ಒಂದೇ ಪರೀಕ್ಷೆ. ರಾಯಚೂರಿನವರು ಎಷ್ಟು ಹೋರಾಡಿದರೂ ಕರ್ನಾಟಕಕ್ಕೆ ಏಮ್ಸ್ ಬಂದಿಲ್ಲ. ಹಾಗಾಗಿ ಬೀದರ್, ಕಲಬುರಗಿಯ ಹುಡುಗಿಯರು ನಾಗಪುರದಂಥ ಊರಿನ ಕಡೆಗೇ ನೋಡಬೇಕು. ಏಳನೇ ವೇತನ ಆಯೋಗದ ಪ್ರಕಾರ ಈ ಹುದ್ದೆಯ ಆರಂಭದ ಮೂಲ ವೇತನ 44,900 ರೂಪಾಯಿ. "ನರ್ಸಿಂಗ್ ಆದರೆ ಓದಲಿ, ಬೇರೇದು ಬೇಡ" ಅನ್ನುವ ಮನೆಯ ಮಗಳಿಗೆ ಇದು ಸಣ್ಣ ಮಾತಲ್ಲ. ಸ್ವಂತ ದುಡಿಮೆ ಇದ್ದರೆ ನಿಕಾಹ್ ಮಾತುಕತೆಯಲ್ಲೂ ಅವಳ ಅಭಿಪ್ರಾಯ ಕೇಳ್ತಾರೆ.

ಆದರೆ ಇದರಿಂದ ಸಮಾನತೆ ಬಂತೇ? ನರ್ಸಿಂಗ್‌ನಲ್ಲಿ ಹೆಂಗಸರೇ ಮೊದಲಿಂದಲೂ ಹೆಚ್ಚು. ಆರೈಕೆ ಹೆಂಗಸಿನ ಕೆಲಸ ಎಂದು ಸಮಾಜ ಹೇಳುತ್ತಾ ಬಂದಿದ್ದಕ್ಕೆ ಸರ್ಕಾರವೂ ಮೊಹರು ಒತ್ತಿದಂತಾಯಿತು. ಹೆಣ್ಣು ರೋಗಿಗೆ ಹೆಣ್ಣು ನರ್ಸ್ ಇರಲಿ ಅನ್ನೋ ವಾದ ನಮ್ಮ ಮನೆಗಳಲ್ಲೂ ಇದೆ, ಒಪ್ಪೋಣ. ಆದರೆ ವಾರ್ಡಿನಲ್ಲಿರುವ ಗಂಡು ರೋಗಿಗಳ ಕಥೆ ಏನು? ಹೆಣ್ಣು ರೋಗಿಗೆ ಹೆಣ್ಣು ಡಾಕ್ಟರೂ ಬೇಕಲ್ಲವೇ? ಏಮ್ಸ್‌ನ ವೈದ್ಯ ಪ್ರಾಧ್ಯಾಪಕರ ಹುದ್ದೆಗಳಲ್ಲಿ ಮಹಿಳೆಯರಿಗೆ ಇಂಥ ಪಾಲಿಲ್ಲ. ಅತ್ತ, ಅಕ್ಕನ ಜೊತೆ ಅದೇ ನರ್ಸಿಂಗ್ ಓದಿದ ತಮ್ಮ 20ರೊಳಗೇ ಪೈಪೋಟಿ ಮಾಡಬೇಕು.

ಐಐಎಂಗಳ ದಾರಿ ಬೇರೆ. ಹಲವು ಐಐಎಂಗಳು ಎಂಬಿಎ ಪ್ರವೇಶದಲ್ಲಿ ಹುಡುಗಿಯರಿಗೆ ಒಂದಿಷ್ಟು ಹೆಚ್ಚುವರಿ ಅಂಕ ಕೊಡುತ್ತವೆ. ಗಂಡಸರೇ ತುಂಬಿದ ತರಗತಿಗೆ ಹೆಣ್ಣುಮಕ್ಕಳನ್ನು ಕರೆತರುವ ಪ್ರಯತ್ನ ಅದು. ನಮ್ಮ ಕರ್ನಾಟಕ ಈ ಕೆಲಸವನ್ನು ಹಳ್ಳಿಯಲ್ಲೇ ಮಾಡಿ ತೋರಿಸಿತ್ತು: 1983ರ ಕಾಯ್ದೆಯಲ್ಲಿ ಪಂಚಾಯತಿ ಸ್ಥಾನಗಳ 25% ಮಹಿಳೆಯರಿಗೆ ಇಟ್ಟು, 1987ರಲ್ಲಿ ಚುನಾವಣೆ ನಡೆಸಿತು. "ಗಂಡಂದಿರೇ ಆಡಳಿತ ಮಾಡ್ತಾರೆ ಬಿಡಿ" ಅನ್ನುವವರು ಇಂದಿಗೂ ಇದ್ದಾರೆ. ಅವರ ಮಾತು ಪೂರಾ ಸುಳ್ಳಲ್ಲ. ಆದರೂ ಪಶ್ಚಿಮ ಬಂಗಾಳದ 495 ಹಳ್ಳಿಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಗಮನಿಸುವಂಥದ್ದು. ಮೀಸಲಾತಿಯಿಂದ ಎರಡು ಅವಧಿ ಹೆಂಗಸರು ಪ್ರಧಾನರಾದ ಹಳ್ಳಿಗಳಲ್ಲಿ ಹುಡುಗ-ಹುಡುಗಿಯರ ಓದಿನ ಅಂತರವೇ ಅಳಿಸಿಹೋಗಿತ್ತು. ಮಗಳ ಬಗ್ಗೆ ತಂದೆ-ತಾಯಿ ಇಟ್ಟುಕೊಂಡ ಆಸೆಯೂ ಬೆಳೆದಿತ್ತು. ಅಧಿಕಾರದ ಜಾಗದಲ್ಲಿ ಹೆಣ್ಣನ್ನು ಕಂಡಾಗ ಆಗುವ ಬದಲಾವಣೆ ಇದು.

ಹಾಗಾಗಿ ವಿದ್ಯಾರ್ಥಿನಿಯರೇ, ನರ್ಸಿಂಗ್ ಇಷ್ಟವಿದ್ದರೆ ನಾರ್ಸೆಟ್ ಖಂಡಿತ ಬರೆಯಿರಿ. ಆ 80ರಲ್ಲಿ ನಿಮ್ಮ ಹಕ್ಕಿದೆ. ತಂದೆ-ತಾಯಿಯರೇ, ಮಗಳು ನೀಟ್ ಬರೀತೀನಿ, ಕ್ಯಾಟ್ ಬರೀತೀನಿ ಅಂದರೆ "ಅದೆಲ್ಲ ನಮಗ್ಯಾಕೆ" ಅನ್ನಬೇಡಿ. ಸರ್ಕಾರ ಕೊಡುವ ಮೀಸಲಾತಿ ಅರ್ಜಿ ಹಾಕಿದವಳಿಗೆ ಮಾತ್ರ ಸಿಗುತ್ತದೆ. ಆ ಅರ್ಜಿಗೆ ಮನೆಯವರ ಒಪ್ಪಿಗೆ ಮೊದಲು ಬೇಕು.